ಸಣ್ಣತಾಯಮ್ಮನ ಹಳದಿ ಕಬ್ಬು

ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರಿನಲ್ಲಿ ಸಣ್ಣತಾಯಮ್ಮನ ಕೈಯಲ್ಲಿ ಏಟು ತಿನ್ನದ ಗಂಡಸರು ಕಮ್ಮಿ. ತಿಂದವರು ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೆ. ದನದ ದಲ್ಲಾಳಿಯೊಬ್ಬ ಗಬ್ಬದ ಹಸು ಎಂದು ನಂಬಿಸಿ ಗೊಡ್ಡು ಹಸುವನ್ನು ಅವಳ ಕೊಟ್ಟಿಗೆಗೆ ಕಟ್ಟಿಹೋದಾಗ, ಅವಳು ಸಂತೆಯ ತನಕ ಹುಡುಕಿಕೊಂಡು ಹೋಗಿ, ಅವನ ತಲೆಯ ವಸ್ತ್ರ ಬಿಚ್ಚಿ, ಅದೇ ವಸ್ತ್ರದಲ್ಲಿ ಅವನ ಎರಡೂ ಕೈ ಕಟ್ಟಿ, ಅವನದೇ ಎಕ್ಕಡದಲ್ಲಿ ಬಾರಿಸಿದ್ದಳು. ತನ್ನ ಸರದಿಯ ನಾಲೆ ನೀರನ್ನು ಹಾಡಹಗಲೇ ತಿರುಗಿಸಿಕೊಂಡ ರಾಚಯ್ಯನ ಮುಂದಿನ ಹಲ್ಲು ಹೋದದ್ದು ಅವಳ ಗುದ್ದಲಿಯ ಕಾವಿನಿಂದ. ಇಂಥ ಹೆಂಗಸನ್ನು ಕಂಡು ಊರು ಹೆದರುತ್ತಿತ್ತು ಎಂದರೆ ಪೂರ್ತಿ ನಿಜವಲ್ಲ. ಊರಿಗೆ ಒಳಗೊಳಗೇ ಅವಳ ಮೇಲೆ ಹೆಮ್ಮೆಯೂ ಇತ್ತು.

ಅವಳ ತವರು ತಿರುಮಕೂಡಲು ನರಸೀಪುರದ ಪಕ್ಕದ ಒಂದು ಹಳ್ಳಿ. ಅಪ್ಪ ಕುಡಿದು ಬಂದು ಅವ್ವನನ್ನು ಒನಕೆಯಲ್ಲಿ ಬಡಿಯುತ್ತಿದ್ದ. ಹನ್ನೊಂದು ವರ್ಷದ ಸಣ್ಣತಾಯಿ ಒಂದು ದಿನ ಅದೇ ಒನಕೆ ಕಿತ್ತುಕೊಂಡು ಅಪ್ಪನ ಮೊಣಕಾಲಿಗೆ ಬೀಸಿದಳು. ಅಪ್ಪ ಆಮೇಲೆ ಸಾಯುವತನಕ ಕುಂಟುತ್ತಿದ್ದ, ಅವ್ವನ ಮೇಲೆ ಕೈ ಮಾಡಲಿಲ್ಲ. ಹೊಡೆದರೆ ಮಾತ್ರ ಲೋಕ ಸರಿಹೋಗುತ್ತದೆ ಎಂದು ಆ ಹುಡುಗಿಗೆ ಅಂದೇ ಅನ್ನಿಸಿಬಿಟ್ಟಿತು. ಆ ಪಾಠವನ್ನು ಮರೆಯಲು ಅವಳಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಹದಿನಾಲ್ಕನೆಯ ವಯಸ್ಸಿಗೆ ಮದುವೆಯಾಗಿ ಹದಿನಾರು ಊರಿಗೆ ಬಂದಳು. ಗಂಡ ಮಾದಪ್ಪ ಸಾಧು ಮನುಷ್ಯ, ಎತ್ತಿಗೂ ಜೋರಾಗಿ ಗದರದವನು. ಅವಳು ಬಂದ ವರ್ಷವೇ ಅತ್ತೆ ತೀರಿಕೊಂಡರು. ಮನೆಯಲ್ಲಿ ಉಳಿದದ್ದು ಗಂಡನ ತಮ್ಮ ಕರಿಯಪ್ಪ, ಆರು ವರ್ಷದ ಮಗು. ಅವನ ಮೂಗು ಒರೆಸಿದವಳು, ಎಣ್ಣೆ ಹಚ್ಚಿ ನೀರು ಹಾಕಿದವಳು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟವಳು ಸಣ್ಣತಾಯಮ್ಮ. ಸೌತೆಕಾಯಿ ಕದ್ದನೆಂದು ಯಾರೋ ಅವನಿಗೆ ಬಾಸುಂಡೆ ಬರುವಂತೆ ಹೊಡೆದಾಗ ಅವಳು ಓಡಿಹೋಗಿ ಆ ಮನುಷ್ಯನ ಹೆಗಲನ್ನು ಕಚ್ಚಿ ರಕ್ತ ಬರಿಸಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ. ಕರಿಯನೇ ಮಗ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಯಾರಿಗೂ ಕಾಣಲಿಲ್ಲ.

ಕರಿಯಪ್ಪ ದೊಡ್ಡವನಾಗಿ ಕಳಲೆಯ ಪುಟ್ಟಬಸಮ್ಮನನ್ನು ಮದುವೆಯಾದ. ಅಣ್ಣತಮ್ಮಂದಿರು ಭಾಗವಾದರು. ಅಕ್ಕಪಕ್ಕದ ಎರಡು ಹೊಲದಲ್ಲಿ ಮೂಡಲಿನದು ಅಣ್ಣನಿಗೆ, ಪಡುವಲಿನದು ತಮ್ಮನಿಗೆ, ನಡುವಣ ಬದುವಿನ ಮೇಲಿನ ದೊಡ್ಡ ಹುಣಸೆಮರವೂ ತಮ್ಮನಿಗೆ. ಸಾವಿರದ ಒಂಬೈನೂರ ಎಪ್ಪತ್ತಮೂರನೇ ಇಸವಿಯಲ್ಲಿ ಮಾದಪ್ಪನಿಗೆ ಕಾಮಾಲೆ ಬಂತು. ಕಣ್ಣು ಹಳದಿಯಾಯಿತು, ಉಗುರು ಹಳದಿಯಾಯಿತು, ಇಪ್ಪತ್ತು ದಿನದಲ್ಲಿ ಆಳೇ ಹೋದ. ಅಂದಿನಿಂದ ಹಳದಿ ಬಣ್ಣ ಕಂಡರೆ ಸಣ್ಣತಾಯಮ್ಮ ಮುಖ ತಿರುಗಿಸುತ್ತಿದ್ದಳು.

ನಾಲೆ ನೀರು ಬಂದು ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಕಬ್ಬಿನ ಗದ್ದೆಗಳಾದ ಮೇಲೆ ಸಣ್ಣತಾಯಮ್ಮನ ಪಾಲಿನ ಎರಡು ಎಕರೆಯ ಮೇಲೆ ಎಲ್ಲರ ಕಣ್ಣು ಬಿತ್ತು. ಕರಿಯಪ್ಪನ ಕಣ್ಣೂ ಬಿತ್ತು. ಮಕ್ಕಳಿಲ್ಲದ ವಿಧವೆಗೆ ಕಬ್ಬಿನ ಸಾಗುವಳಿ ಆಗದ ಮಾತು, ಗದ್ದೆಯನ್ನು ತಾನು ಉಳುತ್ತೇನೆ, ಅತ್ತಿಗೆಗೆ ಕಾಳುಕಡ್ಡಿ ಕೊಡುತ್ತೇನೆ ಎಂದು ಎಪ್ಪತ್ತೊಂಬತ್ತರ ಆಷಾಢದಲ್ಲಿ ಅರಳಿಕಟ್ಟೆಯ ನ್ಯಾಯಕ್ಕೆ ಬಂದ. ಭೂಸುಧಾರಣೆಯ ಕಾನೂನು ಆಗ ಊರೂರಿನ ಬಾಯಲ್ಲೂ ಇತ್ತು. ಒಮ್ಮೆ ಬೇರೆಯವನ ನೇಗಿಲು ಇಳಿದರೆ ಪಹಣಿಯಲ್ಲಿ ಅವನ ಹೆಸರು ಕೂತುಬಿಡುತ್ತದೆ ಎಂಬುದು ಅಕ್ಷರ ಬಾರದ ಸಣ್ಣತಾಯಮ್ಮನಿಗೂ ಗೊತ್ತಿತ್ತು.

ಊರ ಯಜಮಾನ ಮಾದಯ್ಯ ನಡುದಾರಿ ಹಿಡಿದ. "ಮೊದಲ್ನೇ ಕಬ್ಬು ಕಡಿದಾಗದೆ. ಈಗ ಕೂಳೆ ಚಿಗುರ್ತಾ ಅದೆ. ಆ ಕೂಳೇನ ಸಣ್ಣತಾಯಿ ಒಬ್ಳೇ ಬೆಳೆದು ಗಾಣಕ್ಕೆ ತಂದ್ರೆ ಗದ್ದೆ ಬಗ್ಗೆ ಯಾರೂ ಸೊಲ್ಲೆತ್ತಂಗಿಲ್ಲ. ಕೂಳೆ ಕೈಕೊಟ್ರೆ ಗದ್ದೆ ಕರಿಯಪ್ಪನ ಉಳುಮೆಗೆ. ಏನಂತೀಯವ್ವಾ?"

ಸಣ್ಣತಾಯಮ್ಮ ಅರಳಿಕಟ್ಟೆಯ ಕಲ್ಲಿಗೆ ಅಂಗೈಯಿಂದ ಬಡಿದು "ಊಂ" ಎಂದಳು. ಬಡಿದ ಸದ್ದಿಗೆ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತು.

ಕೂಳೆ ಕಬ್ಬು ಎಂದರೆ ಕಡಿದ ಬುಡದಿಂದಲೇ ಮತ್ತೆ ಒಡೆದು ಬರುವ ಕಬ್ಬು. ಮೊದಲ ಎರಡು ತಿಂಗಳು ಚೆನ್ನಾಗಿಯೇ ಬಂತು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಹೊಸ ಗರಿಗಳಲ್ಲಿ ಹಳದಿ ಗೆರೆಗಳು ಎದ್ದವು. ನರ ಮಾತ್ರ ಹಸಿರು, ನಡುವೆ ಹಳದಿ. ದಸರೆ ಮುಗಿಯುವಷ್ಟರಲ್ಲಿ ನರವೂ ಹಳದಿ. ಸಣ್ಣತಾಯಮ್ಮ ಒಂದು ಗರಿಯನ್ನು ಹಿಡಿದು ನೋಡಿದಳು, ಗಂಡನ ಕಣ್ಣು ನೆನಪಾಯಿತು, ಗರಿಯನ್ನು ಬಿಟ್ಟು ಬದುವಿನ ಮೇಲೆ ಕುಸಿದು ಕೂತಳು. ಪಕ್ಕದ ಗದ್ದೆಯಲ್ಲಿ ಕರಿಯಪ್ಪನ ಕೂಳೆ ಕಣ್ಣು ಕುಕ್ಕುವಷ್ಟು ಹಸಿರಾಗಿತ್ತು. ಅದೇ ಮಣ್ಣು, ಅದೇ ನೀರು, ಅದೇ ಗೊಬ್ಬರ. ಹೆಚ್ಚೇನು, ಕಮ್ಮಿ ಏನು?

ಅವಳು ತಲೆ ಎತ್ತಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಪಡುವಣ ಬದುವಿನ ಹುಣಸೆಮರದ ನೆರಳು ಅವಳ ಗದ್ದೆಯ ಮೇಲೆ ಕಂಬಳಿ ಹಾಸಿದಂತೆ ಬಿದ್ದಿತ್ತು. ಅವಳ ಅನುಮಾನಕ್ಕೆ ಒಂದು ಆಕಾರ ಸಿಕ್ಕಿತು. ಮರುದಿನದಿಂದ ಮಧ್ಯಾಹ್ನದ ಮೇಲೆ ಬಂದು ನೆರಳಿನ ಅಂಚಿಗೆ ಗೂಟ ಹೊಡೆಯತೊಡಗಿದಳು. ಎಂಟು ದಿನದಲ್ಲಿ ಇಪ್ಪತ್ತಮೂರು ಗೂಟವಾದವು. ಬೆಳಗಿನ ಹೊತ್ತು ಅವಳು ಗದ್ದೆಯ ಕಡೆ ಬರುತ್ತಲೇ ಇರಲಿಲ್ಲ. ಹಾಲು ಕರೆದು, ಮನೆಮನೆಗೆ ಕೊಟ್ಟು, ಕಡೆಗೆ ಹೈಸ್ಕೂಲಿನ ಮೇಷ್ಟರುಗಳ ಕಾಫಿಗೆ ಹಾಕಿ ಬರುವಷ್ಟರಲ್ಲಿ ಹನ್ನೊಂದು ದಾಟುತ್ತಿತ್ತು.

ಗೂಟ ಕಂಡ ಕರಿಯಪ್ಪನಿಗೆ ಮೈಯೆಲ್ಲ ಉರಿಯಿತು. "ನೆಳ್ಳಿಗೆ ಗೂಟ ಒಡೀತೀಯಲ್ಲ ಅತ್ಗೆ, ನಾಳೆ ಗಾಳಿಗೆ ಬೇಲಿ ಹಾಕ್ತೀಯಾ?" ಎಂದು ಒಂದೊಂದೇ ಕಿತ್ತು ನಾಲೆಗೆ ಎಸೆದ. ತಡೆಯಲು ಬಂದವಳ ಕೈಯಿಂದ ಹಾಲಿನ ಕ್ಯಾನು ಜಾರಿತು, ಅವನು ಅದನ್ನೂ ಒದ್ದ. ಸಣ್ಣತಾಯಮ್ಮ ಕೈಗೆ ಸಿಕ್ಕಿದ ಕೊನೆಯ ಗೂಟವನ್ನು ಗುರಿಯಿಟ್ಟು ಬೀಸಿದಳು. ಅವನ ಹುಬ್ಬು ಸೀಳಿತು. ತಾನು ಎಣ್ಣೆ ಹಚ್ಚಿ ತೀಡಿದ ಹುಬ್ಬು ಅದು. ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಕರಿಯಪ್ಪ ಒರೆಸಿಕೊಳ್ಳದೆ, "ಮರ ನಮ್ಮ ತಾತ ನೆಟ್ಟದ್ದು. ಒಂದು ಕೊಂಬೆ ಮುಟ್ಟು, ಆಮೇಲೆ ನೋಡು," ಎಂದು ಹೋದ.

ಇಷ್ಟರಲ್ಲೇ ನಿಂತಿದ್ದರೆ ಅದು ಊರಿನ ನೂರು ಬದುವಿನ ಜಗಳಗಳಲ್ಲಿ ಒಂದಾಗಿ ಹೋಗುತ್ತಿತ್ತು. ನಿಲ್ಲಲಿಲ್ಲ. ಯಾಕೆಂದರೆ ಸಣ್ಣತಾಯಮ್ಮ ಅದೇ ವಾರ ಹೈಸ್ಕೂಲಿನ ಕಿಟಕಿಯಲ್ಲಿ ನಿಂತು ವಿಜ್ಞಾನದ ಪಾಠ ನೋಡಿದಳು.

ವ್ಯಾಸರಾಜ ಮೇಷ್ಟ್ರು ನಂಜನಗೂಡಿನವರು, ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ಪುಸ್ತಕದಲ್ಲಿದ್ದುದನ್ನು ಮಾಡಿ ತೋರಿಸದೆ ಬಿಡುವವರಲ್ಲ. ಅಂದು ಒಂದು ದಾಸವಾಳದ ಕುಂಡ ಮೇಜಿನ ಮೇಲಿತ್ತು. ಎರಡು ದಿನ ಕತ್ತಲೆಯ ಬೀರುವಿನಲ್ಲಿಟ್ಟು, ಒಂದು ಎಲೆಗೆ ನಡುವೆ ಕಪ್ಪು ಕಾಗದದ ಪಟ್ಟಿ ಸುತ್ತಿ, ಬೆಳಗಿನಿಂದ ಬಿಸಿಲಿಗಿಟ್ಟಿದ್ದ ಗಿಡ. ಮೇಷ್ಟ್ರು ಕಾಗದ ಬಿಚ್ಚಿ ಎಲೆಯನ್ನು ಕಿತ್ತು ಕುದಿಯುವ ನೀರಿಗೆ ಹಾಕಿದರು. ಆಮೇಲೆ ಸ್ಪಿರಿಟ್ ತುಂಬಿದ ಗಾಜಿನ ನಳಿಕೆಗೆ ಹಾಕಿ ಬಿಸಿನೀರಲ್ಲಿ ನಿಲ್ಲಿಸಿದರು. ಎಲೆಯ ಹಸಿರೆಲ್ಲ ಬಸಿದು ಸ್ಪಿರಿಟ್ಟಿಗೆ ಇಳಿಯಿತು. ಬೆಳ್ಳಗೆ ಉಳಿದ ಎಲೆಯನ್ನು ತಟ್ಟೆಯಲ್ಲಿ ಹರಡಿ ಅಯೋಡಿನ್ ಬಿಟ್ಟರು. ನೋಡನೋಡುತ್ತಿದ್ದಂತೆ ಎಲೆ ಮಸಿಯ ಹಾಗೆ ನೀಲಿಗಪ್ಪಾಯಿತು. ಕಾಗದ ಮುಚ್ಚಿದ್ದ ಪಟ್ಟಿ ಮಾತ್ರ ಬಣ್ಣ ಹಿಡಿಯದೆ ಪೇಲವವಾಗಿ ಉಳಿಯಿತು.

"ದ್ಯುತಿಸಂಶ್ಲೇಷಣೆ ಅಂದ್ರೆ ಇದೇ," ಎಂದರು ಮೇಷ್ಟ್ರು. "ಎಲೆ ಬೇರಿನಿಂದ ನೀರು ತಗೊಂಡು, ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತಗೊಂಡು, ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತೆ. ಮಾಡಿದ್ದನ್ನ ಪಿಷ್ಟವಾಗಿ ಕೂಡಿಡುತ್ತೆ. ಬೆಳಕು ಸಿಕ್ಕ ಜಾಗದಲ್ಲಿ ಊಟ. ಬೆಳಕು ಸಿಗದ ಜಾಗದಲ್ಲಿ ಉಪವಾಸ."

ಕಿಟಕಿಯಾಚೆ ಸಣ್ಣತಾಯಮ್ಮ ಹಾಲಿನ ಕ್ಯಾನು ಹಿಡಿದು ಕಲ್ಲಾಗಿದ್ದಳು. ಅವಳ ಕಬ್ಬು ಸಕ್ಕರೆ ಮಾಡಬೇಕಾದದ್ದು. ಅವಳ ಕಬ್ಬಿನ ಮೇಲೆ ಆ ಕಪ್ಪು ಕಾಗದವನ್ನು ಕರಿಯ ಸುತ್ತಿದ್ದಾನೆ. ಕಿಟಕಿಯಲ್ಲಿದ್ದ ಅವಳನ್ನು ಕಂಡಿದ್ದ ಮೇಷ್ಟ್ರು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ "ಇದು ಅರ್ಧ ಪಾಠ, ಉಳಿದರ್ಧ ನಾಳೆ" ಎಂದರು. ಆ ಮಾತು ಕಿವಿಗೆ ಬೀಳುವ ಮೊದಲೇ ಅವಳು ಗದ್ದೆಯ ಹಾದಿ ಹಿಡಿದಿದ್ದಳು. ಮರುದಿನ ಹಾಲು ಹಾಕಲು ಅವಳು ಬರಲಿಲ್ಲ.

ಮರುದಿನ ಅವಳ ಕೈಯಲ್ಲಿ ಕೊಡಲಿ ಇತ್ತು.

ಕರಿಯಪ್ಪ ನಂಜನಗೂಡಿಗೆ ಹೋಗಿದ್ದ ಹೊತ್ತು ನೋಡಿ ಶುರುಮಾಡಿದಳು. ಹುಣಸೆಯ ಕಟ್ಟಿಗೆ ಕಬ್ಬಿಣದಂಥದು. ಮೊದಲ ಹತ್ತು ಏಟಿಗೆ ತೊಗಟೆ ಹಾರಿತು, ನೂರು ಏಟಿಗೆ ಒಂದು ಗೇಣು ಬಾಯಿ ಬಿಟ್ಟಿತು. ಅಂಗೈ ಬೊಬ್ಬೆ ಎದ್ದು ಒಡೆದವು. ಒಂದೊಂದು ಏಟಿಗೂ ಅವಳು ಒಂದೊಂದು ಹೆಸರು ಕೂಗುತ್ತಿದ್ದಳು, ಕರಿಯನದು, ಯಜಮಾನನದು, ಅಪ್ಪನದು, ತನ್ನನ್ನು ಬಿಟ್ಟುಹೋದ ಗಂಡನದು. ಸುತ್ತ ಗದ್ದೆಯಲ್ಲಿದ್ದ ಜನ ದೂರದಲ್ಲಿ ನಿಂತು ನೋಡಿದರು, ಹತ್ತಿರ ಬರಲಿಲ್ಲ.

ಹನ್ನೆರಡರ ಬಸ್ಸಿಗೆ ಕರಿಯಪ್ಪ ಬಂದ. ಸುದ್ದಿ ಕೇಳಿ ಬಸ್ ಸ್ಟ್ಯಾಂಡಿನಿಂದಲೇ ಓಡಿ ಬಂದಿದ್ದ. ಬಂದವನು ಅವಳನ್ನು ಜುಟ್ಟು ಹಿಡಿದು ಎಳೆದು ಬದುವಿನ ಕೆಳಕ್ಕೆ ನೂಕಿದ. ಅವಳು ಕೆಸರಲ್ಲಿ ಬಿದ್ದು, ಎದ್ದು, ಅವನ ಹೊಟ್ಟೆಗೆ ಕೊಡಲಿಯ ಕಾವಿನಿಂದ ತಿವಿದಳು. ಅವನು ಮಡಚಿಕೊಂಡು ಕೂತ. ಅವಳು ಮತ್ತೆ ಮರದ ಮುಂದೆ ನಿಂತು ಕೊಡಲಿ ಎತ್ತಿದಳು. ಆಗ ಅವನು ತೆವಳಿ ಬಂದು, ಕಡಿದು ಬಾಯಿಬಿಟ್ಟ ಜಾಗದಲ್ಲಿ ತನ್ನ ಬಲಗೈ ಇಟ್ಟ.

"ಒಡಿ," ಎಂದ. "ಗಂಡುಗೊಡಲಿ ಇಡ್ದಿದ್ದೀಯಲ್ಲ, ಒಡಿ ನೋಡಾನ. ಈ ಕೈ ಮೇಲೆ ಒಡಿ."

ಅವಳು ಹೊಡೆಯುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಅವನ ಆರನೆಯ ವಯಸ್ಸಿನಿಂದ ಆ ಕೈಯನ್ನು ಹಿಡಿದು ನಡೆಸಿದವಳು. ಕೊಡಲಿ ಆಗಲೇ ತಲೆಯ ಮೇಲಿತ್ತು. ಕೈ ಅವಳಿಗೆ ಕಂಡಿತು. ತಡೆಯಬಹುದಿತ್ತು, ಪಕ್ಕಕ್ಕೆ ತಿರುಗಿಸಬಹುದಿತ್ತು. ಇದನ್ನು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ, ತನಗೆ ಮಾತ್ರ ದಿನಾ ಹೇಳಿಕೊಂಡಳು: ಕೈ ಕಂಡಿತ್ತು.

ಕೊಡಲಿ ಇಳಿಯಿತು. ಹೆಬ್ಬೆರಳು ಉಳಿಯಿತು. ಉಳಿದ ನಾಲ್ಕು ಬೆರಳು ಮರದ ಚಕ್ಕೆಗಳ ಜೊತೆ ಹುಲ್ಲಿನ ಮೇಲೆ ಬಿದ್ದವು. ಕರಿಯಪ್ಪ ಮೊದಲು ಕೂಗಲಿಲ್ಲ. ಕೈಯನ್ನು ಮುಖದ ಹತ್ತಿರ ತಂದು, ಬೇರೆ ಯಾರದೋ ಕೈ ಎಂಬಂತೆ ನೋಡಿದ. ಆಮೇಲೆ ಕೂಗಿದ ಕೂಗಿಗೆ ನಾಲೆಯ ಆಚೆಯಿಂದ ಜನ ಓಡಿ ಬಂದರು. ಪಂಚೆ ಹರಿದು ಕಟ್ಟಿದರು, ಗಾಡಿ ತಂದರು, ಪುಟ್ಟಬಸಮ್ಮ ಎದೆ ಬಡಿದುಕೊಂಡು ಸಣ್ಣತಾಯಮ್ಮನ ಮುಖಕ್ಕೆ ಮಣ್ಣು ಎರಚಿದಳು. ಗಾಡಿ ಹೊರಟಿತು.

ಗಾಡಿ ಕಣ್ಮರೆಯಾದ ಮೇಲೆ ಸಣ್ಣತಾಯಮ್ಮ ಮತ್ತೆ ಕೊಡಲಿ ಎತ್ತಿಕೊಂಡಳು. ರಕ್ತ ಅಂಟಿದ ಅದೇ ಗಾಯದ ಮೇಲೆ ಸಂಜೆಯ ತನಕ ಹೊಡೆದಳು. ಮರುದಿನ ಗರಗಸದವರನ್ನು ಕರೆಸಿದಳು. ಮೂರನೆಯ ದಿನ ಮರ ಬಿತ್ತು. ಬಿದ್ದಾಗ ಅವಳ ಗದ್ದೆಯ ತುಂಬ ಬಿಸಿಲು ಸುರಿಯಿತು.

ಪೊಲೀಸರು ಬರುತ್ತಾರೆಂದು ಅವಳು ಸೀರೆ ಗಂಟು ಕಟ್ಟಿ ಜಗಲಿಯ ಮೇಲೆ ಕೂತಳು. ಯಾರೂ ಬರಲಿಲ್ಲ. ಆಸ್ಪತ್ರೆಯಲ್ಲಿ ಕರಿಯಪ್ಪ ಕಬ್ಬಿನ ಗಾಣಕ್ಕೆ ಕೈ ಸಿಕ್ಕಿತು ಎಂದು ಬರೆಸಿದ್ದ. ಗಾಣಕ್ಕೆ ಬೆರಳು ಕೊಟ್ಟವರು ಆ ಸೀಮೆಯಲ್ಲಿ ಊರಿಗಿಬ್ಬರು ಇದ್ದರು, ಯಾರಿಗೂ ಅನುಮಾನ ಬರಲಿಲ್ಲ. ಕಂಡವರು ಬಾಯಿ ಮುಚ್ಚಿಕೊಂಡರು. ಸಣ್ಣತಾಯಮ್ಮ ಗಂಟು ಬಿಚ್ಚಿದಳು. ತಪ್ಪು ಅವನದು, ಅದಕ್ಕೇ ಹೆದರಿ ಸುಮ್ಮನಾದ ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಈಗ ಕಬ್ಬು ಹಸಿರಾಗುವುದೊಂದು ಬಾಕಿ.

ಕಬ್ಬು ಹಸಿರಾಗಲಿಲ್ಲ. ದಿನವಿಡೀ ಬಿಸಿಲು ಬಿದ್ದ ಮೇಲೆ ಹಳದಿ ಇನ್ನೂ ತೆಳುವಾಗಿ, ಹದಿನೈದು ದಿನಕ್ಕೆ ಹೊಸ ಗರಿಗಳು ಕಾಗದದ ಹಾಗೆ ಬೆಳ್ಳಗಾದವು. ತುದಿ ಸುಟ್ಟು ಸುರುಟಿತು. ಮರ ಇದ್ದಾಗ ನೆರಳಲ್ಲಿದ್ದ ಸಾಲುಗಳೇ ಎಲ್ಲಕ್ಕಿಂತ ಹೆಚ್ಚು ಬಿಳಿಚಿದವು. ಸಣ್ಣತಾಯಮ್ಮ ಆ ಸಾಲುಗಳ ನಡುವೆ ಓಡಾಡಿದಳು, ಗರಿಗಳನ್ನು ಕಿತ್ತು ಕಿತ್ತು ಎಸೆದಳು. ನಾಲ್ಕು ಬೆರಳು ಕಡಿದದ್ದು ಯಾತಕ್ಕೆ? ನೆಟ್ಟಗೆ ಹೈಸ್ಕೂಲಿಗೆ ನಡೆದಳು.

ವ್ಯಾಸರಾಜ ಮೇಷ್ಟ್ರು ಪ್ರಯೋಗದ ಕೋಣೆಯಲ್ಲಿ ಒಬ್ಬರೇ ಇದ್ದರು. ಅವಳು ಹೋದವಳೇ ಅವರ ಶರಟಿನ ಎದೆ ಹಿಡಿದು ಗೋಡೆಗೆ ಒತ್ತಿದಳು. ಗುಂಡಿ ಎರಡು ಹಾರಿ ಬಿದ್ದವು, ಮೇಜಿನ ಮೇಲಿನ ಗಾಜಿನ ಬಟ್ಟಲು ಉರುಳಿ ಚೂರಾಯಿತು.

"ಬೆಳಕು ಬಿದ್ರೆ ಊಟ ಅಂದ್ರಲ್ಲ ಮೇಷ್ಟ್ರೇ! ಬೆಳಕು ಬಿದ್ದದೆ, ನೋಡ್ಬನ್ನಿ! ನಿಮ್ಮ ಮಾತು ನಂಬಿ ನನ್ನ ಮಗನ ಕೈ ಕಡ್ದೆ ನಾನು!"

ಊರಿನವರ ಬಾಯಿಂದ ಕೇಳಿ ಮೇಷ್ಟರಿಗೆ ನಿಜ ಗೊತ್ತಿತ್ತು. ಅವಳ ಕೈ ಬಿಡಿಸಿಕೊಳ್ಳಲು ಹೋಗಲಿಲ್ಲ. "ಉಳಿದರ್ಧ ಪಾಠಕ್ಕೆ ನೀವು ಬರಲಿಲ್ಲ ಸಣ್ಣತಾಯಮ್ಮ," ಎಂದರು, ಬಹಳ ಮೆಲ್ಲಗೆ. ಅವಳ ಹಿಡಿತ ಸಡಿಲವಾಯಿತು.

ಅವರು ಅಂಗಳದಿಂದ ಬಿಳಿ ಮಚ್ಚೆಯಿದ್ದ ಒಂದು ಕ್ರೋಟನ್ ಎಲೆ ಕಿತ್ತು ತಂದರು. ಇಡೀ ಬೆಳಗು ಬಿಸಿಲು ಕುಡಿದ ಎಲೆ. ಅದನ್ನು ಮೊದಲಿನ ಹಾಗೆಯೇ ಕುದಿಸಿ, ಹಸಿರು ಬಸಿದು, ಅಯೋಡಿನ್ ಬಿಟ್ಟರು. ಹಸಿರಿದ್ದ ಕಡೆ ನೀಲಿಗಪ್ಪಾಯಿತು. ಬಿಳಿ ಮಚ್ಚೆಯಿದ್ದ ಕಡೆ ಏನೂ ಆಗಲಿಲ್ಲ.

"ಈ ಮಚ್ಚೆಗೂ ಬಿಸಿಲು ಬಿದ್ದಿತ್ತು, ಆದರೂ ಉಪವಾಸ. ಯಾಕೆ ಹೇಳಿ? ಬಿಸಿಲನ್ನ ಹಿಡಿಯೋದು ಹಸಿರು. ಅದಕ್ಕೆ ಪತ್ರಹರಿತ್ತು ಅಂತಾರೆ. ಒಲೆ ಉರಿ ಎಷ್ಟು ಜೋರು ಮಾಡಿದ್ರೂ ಮೇಲೆ ಪಾತ್ರೇನೇ ಇಲ್ದಿದ್ರೆ ಅನ್ನ ಆಗುತ್ತಾ? ಬೆಳಕು ಬೇಕು, ನೀರು ಬೇಕು, ಗಾಳಿ ಬೇಕು, ಹದವಾದ ಬಿಸಿ ಬೇಕು, ಹಸಿರು ಬೇಕು. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಮ್ಮಿಯಿದೆಯೋ ಎಲೆಯ ಕೆಲಸ ಅದರ ಅಳತೆಗೇ ನಿಲ್ಲುತ್ತೆ. ಮಿಕ್ಕಿದ್ದನ್ನ ಎಷ್ಟು ಸುರಿದರೂ ದಂಡ. ಹಸಿರಿಲ್ಲದ ಎಲೆಗೆ ಬಿಸಿಲು ಜಾಸ್ತಿ ಆದ್ರೆ ಅದು ಸುಟ್ಟೇ ಹೋಗುತ್ತೆ."

ಸಣ್ಣತಾಯಮ್ಮ ಎಲೆಯ ಬಿಳಿ ಮಚ್ಚೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇನ್ನೊಂದು ಕೇಳ್ತೀನಿ. ಮಧ್ಯಾಹ್ನದ ನೆರಳು ನಿಮ್ಮ ಗದ್ದೆಗೆ ಬೀಳ್ತಿತ್ತು, ಸರಿ. ಬೆಳಿಗ್ಗೆ ನೆರಳು ಎಲ್ಲಿ ಬೀಳ್ತಿತ್ತು?"

ಅವಳು ಯೋಚಿಸಿದಳು. ಮೂಡಲಲ್ಲಿ ಹುಟ್ಟುವ ಸೂರ್ಯ, ನಡುವೆ ಮರ, ಪಡುವಲಲ್ಲಿ... "ಕರಿಯನ ಗದ್ದೆಗೆ," ಎಂದಳು.

"ಅವನ ಕಬ್ಬು ಹೇಗಿತ್ತು?"

"ಅಸುರಾಗಿತ್ತು."

ಅವಳು ಚೂರಾದ ಗಾಜಿನ ಮೇಲೇ ಕೂತುಬಿಟ್ಟಳು. ಎರಡು ಗದ್ದೆಗೂ ಒಂದೇ ಮರ ಅರ್ಧರ್ಧ ದಿನ ನೆರಳು ಹಾಕಿತ್ತು. ಕೊಡಲಿ ಹಿಡಿಯುವ ಮೊದಲು ಅವಳು ಒಂದು ಬೆಳಿಗ್ಗೆ, ಒಂದೇ ಒಂದು ಬೆಳಿಗ್ಗೆ ಹಾಲಿನ ಕ್ಯಾನು ಪಕ್ಕಕ್ಕಿಟ್ಟು ಬಂದು ನೋಡಿದ್ದರೆ ಸಾಕಾಗಿತ್ತು.

ಸಂಜೆ ಮೇಷ್ಟ್ರು ಬಸ್ಸು ತಪ್ಪಿಸಿಕೊಂಡು ಅವಳ ಗದ್ದೆಗೆ ಬಂದರು. ಗರಿ ತಿರುಗಿಸಿ ನೋಡಿದರು, ಮಣ್ಣು ಕೆದಕಿದರು. ಬೆರಳಿಗೆ ಸುಣ್ಣಕಲ್ಲಿನ ಹರಳುಗಳು ಸಿಕ್ಕವು. ಹಸಿರು ತಯಾರಾಗಲು ಕಬ್ಬಿಣದ ಅಂಶ ಬೇಕು, ಮಣ್ಣಲ್ಲಿ ಅದು ಇದ್ದರೂ ಸುಣ್ಣ ಹೆಚ್ಚಾದರೆ ಬೇರಿಗೆ ದಕ್ಕುವುದಿಲ್ಲ, ನಾಲೆ ನೀರು ನಿಂತರೆ ಇನ್ನೂ ಕಷ್ಟ ಎಂದರು. ನೆರಳೂ ಅಷ್ಟಿಷ್ಟು ಕದ್ದಿರಬಹುದು, ಆದರೆ ಹಳದಿ ಮಾಡಿದ್ದು ನೆರಳಲ್ಲ ಎಂದರು. ನಂಜನಗೂಡಿನಲ್ಲಿ ನಾಟಿ ಔಷಧಿ ಸಾಮಾನು ಮಾರುವ ಗ್ರಂಧಿಗೆ ಅಂಗಡಿಯಲ್ಲಿ ಅನ್ನಭೇದಿ ಸಿಗುತ್ತದೆ, ಕಬ್ಬಿಣದ ಅಂಶವಿರುವ ತಿಳಿಹಸಿರು ಹರಳು, ಅದನ್ನು ನೀರಲ್ಲಿ ಕರಗಿಸಿ ಒಂದಿಷ್ಟು ನಿಂಬೆರಸ ಹಿಂಡಿ ಗರಿಗಳಿಗೆ ಸಿಂಪಡಿಸಿ ಎಂದು ಹೇಳಿ ಹೋದರು.

ಗ್ರಂಧಿಗೆ ಅಂಗಡಿಯ ಗೋವಿಂದಯ್ಯ ವಯಸ್ಸಾದವರು, ಊರೂರಿನ ಗಿರಾಕಿಗಳ ಮುಖ ಬಲ್ಲವರು. ಅನ್ನಭೇದಿಯನ್ನು ತೂಗಿ ಕಾಗದದಲ್ಲಿ ಕಟ್ಟುತ್ತ, "ಹದಿನಾರಾ? ನಿಮ್ಮೂರ ಕಬ್ಬಿಗೆ ಇದೇ ರೋಗ ಅಂತ ಕಾಣುತ್ತಮ್ಮ. ಕರಿಯಪ್ಪ ಅಂತ ಒಬ್ರು ಹೋದ ವರ್ಷಾನೂ ತಗೊಂಡು ಹೋದ್ರು, ಈ ವರ್ಷಾನೂ ಗೌರಿಹಬ್ಬದ ಮುಂಚೇನೇ ತಗೊಂಡು ಹೋದ್ರು," ಎಂದರು.

ಅವಳಿಗೆ ಆಗ ನೆನಪಾಯಿತು. ಗೌರಿಹಬ್ಬದ ಹಿಂದೆಮುಂದೆ ಕರಿಯ ಬೆನ್ನಿಗೆ ಪಂಪು ಕಟ್ಟಿಕೊಂಡು ತನ್ನ ಕಬ್ಬಿಗೆ ಏನೋ ಹೊಡೆಯುತ್ತಿದ್ದ. ಹುಳದ ಔಷಧಿ ಎಂದುಕೊಂಡಿದ್ದಳು.

ಊರಿಗೆ ಮರಳಿದವಳು ಮನೆಗೆ ಹೋಗಲಿಲ್ಲ. ಕರಿಯಪ್ಪ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಮುದ್ದೆ ಮುರಿಯಲು ಹೆಣಗುತ್ತಿದ್ದ.

"ನಿಂಗೆ ಗೊತ್ತಿತ್ತೇನ್ಲಾ?" ಎಂದು ಕಾಗದದ ಪೊಟ್ಟಣವನ್ನು ಅವನ ತಟ್ಟೆಯ ಮುಂದೆ ಎಸೆದಳು.

ಅವನು ಪೊಟ್ಟಣ ನೋಡಿದ. ತಲೆ ತಗ್ಗಿಸಿದ. "ಗೊತ್ತಿತ್ತು ಅತ್ಗೆ. ಕಳಲೇಲಿ ನಮ್ಮ ಮಾವ ಯೋಳ್ಕೊಟ್ಟಿದ್ರು. ನಿನ್ನ ಕಬ್ಬು ಅಳದಿ ಆದಾಗ್ಲೇ ಗೊತ್ತಾಯ್ತು ನಂಗೆ. ಕೂಳೆ ಓದ್ರೆ ಗದ್ದೆ ನಂಗೆ ಬತ್ತದೆ ಅಂತ ಸುಮ್ನಿದ್ದೆ. ನೆಳ್ಳು ಅಂತ ನೀನು ಕುಣೀತಿದ್ರೆ ಒಳಗೊಳಗೇ ನಗ್ತಿದ್ದೆ." ಬೆರಳಿಲ್ಲದ ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡ. "ಅದ್ಕೇ ಆಸ್ಪತ್ರೇಲಿ ಗಾಣ ಅಂದೆ. ನಿನ್ನ ಇಡ್ಕೊಟ್ಟು ನಾನು ಯಾವ ಮುಖ ಇಟ್ಕಂಡು ಬದುಕಾನ?"

ಸಣ್ಣತಾಯಮ್ಮ ಹೊಡೆದಳು. ಕೆನ್ನೆಗೆ ಬಿದ್ದ ಏಟಿಗೆ ಅವನು ಜಗಲಿಯಿಂದ ಉರುಳಿ ಅಂಗಳಕ್ಕೆ ಬಿದ್ದ. ಇಳಿದು ಹೋಗಿ ಮತ್ತೆ ಹೊಡೆದಳು, ಬೆನ್ನಿಗೆ, ತಲೆಗೆ, ಕೈ ಸೋಲುವ ತನಕ. ಅವನು ಒಂದು ಕೈಯನ್ನೂ ಅಡ್ಡ ಹಿಡಿಯಲಿಲ್ಲ. ಪುಟ್ಟಬಸಮ್ಮ ಬಾಗಿಲಲ್ಲಿ ನಿಂತಿದ್ದಳು, ಬಿಡಿಸಲು ಬರಲಿಲ್ಲ.

"ಕೇಳಿದ್ರೆ ಯೋಳ್ತಿದ್ದೆ ಅತ್ಗೆ," ಎಂದು ಅವನು ಮಣ್ಣಿನಲ್ಲಿ ಮುಖವಿಟ್ಟು ಅಳತೊಡಗಿದ.

"ಕೇಳ್ಬೇಕಾಗಿತ್ತಾ ನಾನು?" ಅವಳು ಕಿರುಚಿದಳು. "ಅಸ್ಕಂಡು ಕುಂತಿದ್ದಾಗ ನೀನು ಕೇಳಿದ್ಯೇನ್ಲಾ ನನ್ನ? ಕೇಳ್ದೇನೇ ಇಕ್ಕಿದ್ನಲ್ಲೋ!"

ಪೊಟ್ಟಣ ಎತ್ತಿಕೊಂಡು ಹೊರಟುಹೋದಳು. ಬಾಡಿಗೆಯ ಪಂಪು ತಂದು ಅನ್ನಭೇದಿ ಹೊಡೆದಳು. ವಾರ ಬಿಟ್ಟು ಮತ್ತೆ ಹೊಡೆದಳು. ಹತ್ತು ದಿನಕ್ಕೆ ಬಿಳಿಚಿದ ಗರಿಗಳ ನಡುವೆ ಹಸಿರು ಹನಿಹನಿಯಾಗಿ ಕಾಣಿಸಿಕೊಂಡಿತು, ತಿಂಗಳಿಗೆ ಗದ್ದೆ ಕಪ್ಪುಹಸಿರಾಯಿತು. ಊರಿನವರು ಬಂದು ಭೇಷ್ ಎಂದರು. ಅವಳಿಗೆ ಆ ಹಸಿರನ್ನು ಕಣ್ಣೆತ್ತಿ ನೋಡಲಾಗುತ್ತಿರಲಿಲ್ಲ. ಒಂದೊಂದು ಗರಿ ಹಸಿರಾದಾಗಲೂ ಆ ನಾಲ್ಕು ಬೆರಳು ದಂಡಕ್ಕೆ ಹೋದವು ಎಂದು ಅದು ಹೇಳಿದಂತಾಗುತ್ತಿತ್ತು. ಕೂಳೆ ಗಾಣಕ್ಕೆ ಬಂತು. ಮಾದಯ್ಯ ಕಟ್ಟೆಯ ಮೇಲೆ ನಿಂತು ಗದ್ದೆ ಅವಳದೇ ಎಂದ. ಅವಳು ಗೆದ್ದಳು. ಗೆದ್ದು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು.

ಅತ್ತಿಗೆ ಮೈದುನರ ನಡುವೆ ಮಾತು ನಿಂತಿತು. ಎಂಬತ್ತೊಂದರ ಶ್ರಾವಣದಲ್ಲಿ ಕರಿಯಪ್ಪನ ಕೂಳೆ ಹಳದಿಯಾಯಿತು. ಬೆರಳಿಲ್ಲದ ಕೈಯಲ್ಲಿ ಪಂಪಿನ ಹಿಡಿ ಒತ್ತಲು ಅವನಿಂದ ಆಗುತ್ತಿರಲಿಲ್ಲ. ಕೂಲಿಯಾಳು ಕರೆದರೆ, ಸಣ್ಣತಾಯಮ್ಮನ ಕಣ್ಣಿಗೆ ಬೀಳುವ ಆ ಗದ್ದೆಗೆ ಇಳಿಯಲು ಆಳುಗಳಿಗೆ ಅಂಜಿಕೆ. ಸಣ್ಣತಾಯಮ್ಮ ಬದುವಿನ ಮೇಲೆ ನಿಂತು ನೋಡಿದಳು. ನರ ಮಾತ್ರ ಹಸಿರು, ನಡುವೆ ಹಳದಿ. ಅವಳ ಕೊಟ್ಟಿಗೆಯಲ್ಲಿ ಅನ್ನಭೇದಿಯೂ ಇತ್ತು, ಈಗ ಸ್ವಂತದ್ದಾಗಿದ್ದ ಪಂಪೂ ಇತ್ತು. ಒಂದು ದಿನ ನೋಡಿ ಸುಮ್ಮನೆ ಬಂದಳು. ಎರಡನೆಯ ದಿನ, ಮೂರನೆಯ ದಿನವೂ ಸುಮ್ಮನೆ ಬಂದಳು. ಒಳಗೊಳಗೇ ಏನೋ ಸಿಹಿಯಾದದ್ದು ಹತ್ತಿತು. ಅವನು ಹೀಗೇ ನಕ್ಕಿದ್ದನಲ್ಲ, ಹೀಗೇ ಇದ್ದಿರಬೇಕು ಅವನಿಗೂ ಎಂದು ಹೊಳೆದದ್ದು ನಾಲ್ಕನೆಯ ದಿನ. ಆ ಸಿಹಿಗೆ ಹೇಸಿಗೆಯಾಗಿ ಅವಳು ನಾಲೆಯ ಪಕ್ಕ ಕೂತು ಕಾರಿಕೊಂಡಳು.

ಐದನೆಯ ದಿನ ಹಾಲಿನ ಕ್ಯಾನನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು, ಬೆಳಕು ಹರಿಯುತ್ತಿದ್ದಂತೆ ಪಂಪು ಬೆನ್ನಿಗೆ ಕಟ್ಟಿಕೊಂಡು ಕರಿಯಪ್ಪನ ಗದ್ದೆಗೆ ಇಳಿದಳು. ಅವಳು ಮೂರು ಸಾಲು ಹೊಡೆಯುವಷ್ಟರಲ್ಲಿ ಅವನು ಬದುವಿನ ಮೇಲೆ ಬಂದು ನಿಂತ.

"ಅತ್ಗೆ..." ಎಂದ.

"ಮಾಪು ಗೀಪು ಏನೂ ಇಲ್ಲ ಕಣ್ಲಾ. ನಂದೂ ಇಲ್ಲ, ನಿಂದೂ ಇಲ್ಲ," ಅವಳು ತಿರುಗದೆ ಪಂಪು ಒತ್ತುತ್ತಲೇ ಬೈದಳು. "ಗರಿ ಏನ್ ಮಾಡ್ತು ನಮ್ಗೆ? ಬಾಯ್ ಮುಚ್ಕಂಡು ನೀರು ತತ್ತಾ."

ಕರಿಯಪ್ಪ ಎಡಗೈಯಲ್ಲಿ ಕೊಡ ಎತ್ತಿಕೊಂಡು ನಾಲೆಗೆ ಇಳಿದ.